ತೊಗಲಿಗೆ ಸಲ್ಲುವ ಗೌರವ

ಬರ್ಲಿನ್ ಮೃಗಾಲಯದಲ್ಲಿ ಹುಟ್ಟಿದ ಹಿಮಕರಡಿ ಕ್ನುಟ್ 2011ರಲ್ಲಿ, ನಾಲ್ಕೇ ವರ್ಷಕ್ಕೆ, ಪ್ರೇಕ್ಷಕರ ಕಣ್ಣೆದುರೇ ಕೊಳದಲ್ಲಿ ಮುಳುಗಿ ಸತ್ತಿತು. 2013ರಲ್ಲಿ ಅದರ ತೊಗಲನ್ನು ಅಚ್ಚಿಗೆ ಹೊದಿಸಿ ವಸ್ತುಸಂಗ್ರಹಾಲಯದಲ್ಲಿ ನಿಲ್ಲಿಸಿದರು. ಸತ್ತರೂ ಪ್ರದರ್ಶನದಿಂದ ಬಿಡುಗಡೆಯಿಲ್ಲ!

ಜರ್ಮನರನ್ನು ದೂರಿ ನಾವು ಪಾರಾಗುವಂತಿಲ್ಲ. ರಾಜರೂ ಬ್ರಿಟಿಷ್ ಅಧಿಕಾರಿಗಳೂ ಕೊಂದ ಸಾವಿರಾರು ಹುಲಿ, ಚಿರತೆಗಳನ್ನು ನಮ್ಮ ಮೈಸೂರಿನ ವ್ಯಾನ್ ಇಂಗೆನ್ ಕಾರ್ಖಾನೆ ಹೀಗೆಯೇ ಸಿಂಗರಿಸಿಕೊಟ್ಟಿತು. ಆ ಶೋಕಿಗೆ ಕಡಿವಾಣ ಹಾಕಿದ್ದು ನಮ್ಮ ಕರುಣೆಯಲ್ಲ, 1972ರ ವನ್ಯಜೀವಿ ಕಾಯ್ದೆ.

ಗಾಜಿನೊಳಗಿನ ಪ್ರಾಣಿ ಕಾಡು ಕೇಳುವುದಿಲ್ಲ, ಬೆಳೆ ತಿನ್ನುವುದಿಲ್ಲ. ಅದಕ್ಕೇ ಅದು ನಮಗೆ ಮುದ್ದು. ನಮ್ಮ ಚನ್ನಪಟ್ಟಣದ ವಿರೂಪಾಕ್ಷಿಪುರ ಹೋಬಳಿಯಲ್ಲಿ ಕಾಡಾನೆ ಹೊಲಕ್ಕಿಳಿದರೆ ನಷ್ಟವೆಲ್ಲ ರೈತನಿಗೆ, ಶಾಪವೆಲ್ಲ ಆನೆಗೆ. ಪ್ರಾಣಿಪ್ರೀತಿ ನಿಜವೇ ಆದರೆ ಆನೆಗೆ ಕಾಡು ಉಳಿಸೋಣ, ರೈತನಿಗೆ ಸಕಾಲಕ್ಕೆ ಪರಿಹಾರ ಕೊಡಿಸೋಣ. ತೊಗಲಿಗೆ ಗೌರವ ಆಮೇಲೆ ಸಲ್ಲಿಸಬಹುದು.