ಸೋತ ವಾದಗಳು ಲೈಬ್ರರಿಯಲ್ಲಿ ಸಿಗುತ್ತವೆ

ಪದವಿ ಕಾಲೇಜುಗಳ ರಾಜ್ಯಶಾಸ್ತ್ರ ವಿಭಾಗದಲ್ಲಿ ಪ್ರಾಜೆಕ್ಟ್ ವಿಷಯ ಹಂಚುವ ದಿನ ಕೆಲವು ಶೀರ್ಷಿಕೆಗಳು ತಪ್ಪದೆ ಹಾಜರಾಗುತ್ತವೆ. ‘ಪಂಚಾಯತ್ ರಾಜ್ ವ್ಯವಸ್ಥೆ: ಒಂದು ಅಧ್ಯಯನ’, ‘ಮಹಿಳಾ ಮೀಸಲಾತಿ: ಒಂದು ಅವಲೋಕನ’, ‘ಪಕ್ಷಾಂತರ ನಿಷೇಧ ಕಾಯ್ದೆ: ಒಂದು ವಿಶ್ಲೇಷಣೆ’. ಕೋಲನ್ ಚಿಹ್ನೆಯ ಈಚೆಗಿರುವುದು ವಿಷಯ, ಆಚೆಗಿರುವುದು ಅಲಂಕಾರ. ವಿಷಯ ಕೈಗೆ ಬಂದ ಕೂಡಲೇ ವಿದ್ಯಾರ್ಥಿಗಳು ಮೊಬೈಲ್ ತೆಗೆಯುತ್ತಾರೆ. ಸ್ವಲ್ಪ ಹೊತ್ತಿನಲ್ಲೇ 1985ನೇ ಇಸವಿ, 52ನೇ ತಿದ್ದುಪಡಿ, ಹತ್ತನೇ ಅನುಸೂಚಿ, ಹರಿಯಾಣದ ‘ಆಯಾ ರಾಮ್ ಗಯಾ ರಾಮ್’ ಎಲ್ಲವೂ ಸಿಕ್ಕಿಬಿಡುತ್ತವೆ. ಸಿಕ್ಕಿದ್ದರಲ್ಲಿ ಹೆಚ್ಚಿನದು ಸರಿಯಾಗಿಯೇ ಇರುತ್ತದೆ. ಹಾಗಿದ್ದ ಮೇಲೆ ಲೈಬ್ರರಿಗೆ ಯಾಕೆ ಹೋಗಬೇಕು ಎಂದು ಮಕ್ಕಳು ಕೇಳಿದರೆ ಅದನ್ನು ಸೋಮಾರಿತನ ಎಂದು ತಳ್ಳಿಹಾಕುವಂತಿಲ್ಲ. ಅದಕ್ಕೆ ನೇರ ಉತ್ತರ ಕೊಡಬೇಕು.

ಉತ್ತರ ಇಷ್ಟೇ: ಮೊಬೈಲ್ ತೋರಿಸುವುದು ಸಾಮಾನ್ಯವಾಗಿ ಗೆದ್ದ ವಾದವನ್ನು. ಇವತ್ತಿನ ಕಾನೂನು ಏನು, ಕೋರ್ಟ್ ಕೊನೆಗೆ ಏನು ಹೇಳಿತು, ಯಾರ ಸರ್ಕಾರ ಬಂತು ಎಂಬುದನ್ನು. ರಾಜ್ಯಶಾಸ್ತ್ರದ ಕೆಲಸ ಶುರುವಾಗುವುದು ಅದರ ಹಿಂದೆ. ಯಾವ ವಾದ ಸೋತಿತು, ಯಾಕೆ ಸೋತಿತು, ಸೋತ ಮೇಲೂ ಅದು ಯಾಕೆ ಮತ್ತೆ ಮತ್ತೆ ತಲೆ ಎತ್ತುತ್ತದೆ ಎಂಬುದು ಬೇಕು. ಬಿದ್ದುಹೋದ ಮಸೂದೆ, ಅಳಿಸಿಹೋದ ವಿಧಿ, ಅಲ್ಪಮತದ ತೀರ್ಪು, ಹಳೆಯ ಆವೃತ್ತಿ ಇವನ್ನೆಲ್ಲ ಎಸೆಯದೆ ಇಟ್ಟುಕೊಂಡಿರುವ ಜಾಗ ಲೈಬ್ರರಿ. ಪಕ್ಷಾಂತರದ ವಿಷಯವನ್ನೇ ಹಿಡಿದು ಇದನ್ನು ನೋಡೋಣ. ಕರ್ನಾಟಕದವರಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ.

ಮೊದಲ ತೊಡಕು ಬೀರುಗಳದ್ದು. ನಮ್ಮ ಹೆಚ್ಚಿನ ಕಾಲೇಜು ಲೈಬ್ರರಿಗಳು ಪುಸ್ತಕ ಜೋಡಿಸುವುದು ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ. ಅದರಲ್ಲಿ ರಾಜ್ಯಶಾಸ್ತ್ರದ ಸಂಖ್ಯೆ 320. ವಿದ್ಯಾರ್ಥಿ ನೇರ ಹೋಗಿ ಅಲ್ಲಿ ನಿಲ್ಲುತ್ತಾನೆ, ಎರಡು ಪಠ್ಯಪುಸ್ತಕ ತೆಗೆಯುತ್ತಾನೆ, ‘ಮೇಡಂ, ಇದರ ಮೇಲೆ ಪುಸ್ತಕವೇ ಇಲ್ಲ’ ಎಂದು ವಾಪಸಾಗುತ್ತಾನೆ. ಪಕ್ಷಾಂತರ ಎಂಬ ಒಂದು ವಿಷಯ ನಾಲ್ಕು ಕಡೆ ಹರಿದು ಹಂಚಿಹೋಗಿದೆ ಎಂದು ಅವನಿಗೆ ಯಾರೂ ಹೇಳಿರುವುದಿಲ್ಲ. ಪಕ್ಷಗಳು ಮತ್ತು ಚುನಾವಣೆ 324ರಲ್ಲಿ. ಶಾಸನಸಭೆ ಹೇಗೆ ನಡೆಯುತ್ತದೆ ಎಂಬುದು 328ರಲ್ಲಿ. ಸಂವಿಧಾನದ ಕಾನೂನು 342ರಲ್ಲಿ. ಅದು ಪಕ್ಕದ ಬೀರುವಿನಲ್ಲೂ ಇರಬಹುದು, ಪಕ್ಕದ ಕೋಣೆಯಲ್ಲೂ ಇರಬಹುದು. ರಾಜ್ಯದ ರಾಜಕೀಯ ಇತಿಹಾಸ ಇನ್ನೂ ದೂರದ 954ರಲ್ಲಿ. ಶಾಸಕ ಪಕ್ಷ ಬಿಟ್ಟದ್ದು ಒಂದು ಕಡೆ, ಅವನನ್ನು ಅನರ್ಹಗೊಳಿಸಿದ್ದು ಇನ್ನೊಂದು ಕಡೆ, ಜನ ಅವನನ್ನು ಮತ್ತೆ ಗೆಲ್ಲಿಸಿದ್ದು ಮತ್ತೊಂದು ಕಡೆ.

ಭಾರತೀಯ ಗ್ರಂಥಾಲಯ ಶಾಸ್ತ್ರದ ಪಿತಾಮಹ ಎಸ್.ಆರ್. ರಂಗನಾಥನ್ 1933ರಲ್ಲಿ ರೂಪಿಸಿದ ಕೋಲನ್ ಪದ್ಧತಿಯಲ್ಲೂ ರಾಜ್ಯಶಾಸ್ತ್ರಕ್ಕೆ ಒಂದು ಅಕ್ಷರ, ಕಾನೂನಿಗೆ ಬೇರೆ ಅಕ್ಷರ. ಅವರು 1962ರಲ್ಲಿ ಬೆಂಗಳೂರಿನಲ್ಲಿ ಗ್ರಂಥಾಲಯ ಶಾಸ್ತ್ರದ ಸಂಶೋಧನೆ, ತರಬೇತಿಗೆ ಕೇಂದ್ರ ಕಟ್ಟಿದರು. ಓದುಗನ ಸಮಯ ಉಳಿಸಬೇಕು ಎಂಬುದು ಅವರ ಐದು ಸೂತ್ರಗಳಲ್ಲಿ ಒಂದು. ಆ ಸೂತ್ರವನ್ನು ಜಾರಿಗೆ ತರುವವರು ಬಾಗಿಲ ಪಕ್ಕದ ಮೇಜಿನಲ್ಲಿ ಕುಳಿತಿರುವ ಗ್ರಂಥಪಾಲಕರು. ಅವರನ್ನು ‘ಪಕ್ಷಾಂತರದ ಪುಸ್ತಕ ಇದೆಯಾ?’ ಎಂದು ಕೇಳಿದರೆ ಇದೆ ಅಥವಾ ಇಲ್ಲ ಎನ್ನುತ್ತಾರೆ. ‘ಶಾಸಕರನ್ನು ಅನರ್ಹಗೊಳಿಸುವ ಅಧಿಕಾರ ಸ್ಪೀಕರ್‌ಗೆ ಯಾಕೆ ಕೊಟ್ಟರು ಎಂದು ತಿಳಿಯಬೇಕಿತ್ತು’ ಎಂದು ಕೇಳಿದರೆ ಅವರು ಎದ್ದು ಬರುತ್ತಾರೆ. ಕಂಪ್ಯೂಟರ್ ಕ್ಯಾಟಲಾಗಿನದೂ ಇದೇ ಸ್ವಭಾವ. ಅಲ್ಲಿ ‘ಪಕ್ಷಾಂತರ’ ಎಂದು ಕೊಟ್ಟು ಏನೂ ಬರಲಿಲ್ಲವೆಂದು ಕೈಚೆಲ್ಲಬಾರದು. ‘ಹತ್ತನೇ ಅನುಸೂಚಿ’, ‘ಸ್ಪೀಕರ್’, ‘ಶಾಸಕರ ಅನರ್ಹತೆ’, ‘ಸಮ್ಮಿಶ್ರ ಸರ್ಕಾರ’ ಎಂದು ಸುತ್ತು ಹಾಕಬೇಕು, ಕನ್ನಡದಲ್ಲೂ ಇಂಗ್ಲಿಷಿನಲ್ಲೂ.

ಎರಡನೆಯ ತೊಡಕು ಮುದ್ರಣದ ವರ್ಷದ್ದು. ಪುಸ್ತಕ ಕೈಗೆ ಬಂದ ಮೇಲೆ ಮೊದಲು ನೋಡಬೇಕಾದ್ದು ಶೀರ್ಷಿಕೆಯ ಹಿಂಬದಿಯ ಪುಟ. ಅಲ್ಲಿ ಮುದ್ರಣದ ವರ್ಷ ಇರುತ್ತದೆ. ಈ ಸಲಹೆ ಶಾಲಾ ಮಾಸ್ತರರ ಉಪದೇಶದಂತೆ ಕೇಳಿಸಬಹುದು. ಆದರೆ ಇಷ್ಟನ್ನು ಬಿಟ್ಟದ್ದಕ್ಕೇ ಇಡೀ ಪ್ರಬಂಧ ಕುಸಿಯಬಲ್ಲದು. 1985ರ ಜನವರಿ ಕೊನೆಯಲ್ಲಿ ಸಂಸತ್ತು 52ನೇ ತಿದ್ದುಪಡಿಗೆ ಒಪ್ಪಿಗೆ ಕೊಟ್ಟಾಗ, ಪಕ್ಷಾಂತರ ನಿಷೇಧದ ನಿಯಮಗಳಿರುವ ಹತ್ತನೇ ಅನುಸೂಚಿಯ 3ನೇ ಕಂಡಿಕೆ ಒಂದು ರಿಯಾಯಿತಿ ಇಟ್ಟಿತ್ತು. ಶಾಸಕಾಂಗ ಪಕ್ಷದ ಮೂರನೇ ಒಂದರಷ್ಟು ಜನ ಒಟ್ಟಾಗಿ ಸಿಡಿದು ಹೊರಬಂದರೆ ಅದು ಪಕ್ಷಾಂತರವಲ್ಲ, ‘ವಿಭಜನೆ’. ಒಬ್ಬ ಹೋದರೆ ಅಪರಾಧ, ಗುಂಪಾಗಿ ಹೋದರೆ ಹಕ್ಕು. 2003ರ 91ನೇ ತಿದ್ದುಪಡಿ ಈ ಕಂಡಿಕೆಯನ್ನು ತೆಗೆದುಹಾಕಿತು. ಮೂರನೇ ಎರಡರಷ್ಟು ಸದಸ್ಯರು ಒಪ್ಪಿದರೆ ‘ವಿಲೀನ’ ಎನ್ನುವ 4ನೇ ಕಂಡಿಕೆ ಮಾತ್ರ ಉಳಿಯಿತು.

ಈಗ 1990ರ ದಶಕದ ಒಂದು ಪಠ್ಯ ಬೀರುವಿನಲ್ಲಿದೆ ಎಂದಿಟ್ಟುಕೊಳ್ಳಿ. ಮೂರನೇ ಒಂದರಷ್ಟು ಜನ ಹೊರಬರಬಹುದು ಎಂದು ಅದರಲ್ಲಿ ಸ್ಪಷ್ಟವಾಗಿ ಅಚ್ಚಾಗಿರುತ್ತದೆ. ವರ್ಷ ನೋಡದೆ ನಕಲು ಮಾಡಿಕೊಂಡವರು ಇವತ್ತಿನ ಕಾನೂನನ್ನೇ ತಪ್ಪಾಗಿ ಬರೆಯುತ್ತಾರೆ. ಹಾಗೆಂದು ಆ ಪುಸ್ತಕವನ್ನು ರದ್ದಿಗೆ ಹಾಕಬೇಕೆ? ಕೂಡದು. ಅದು ಆ ಕಾಲದ ಸಾಕ್ಷಿ. ವಿಭಜನೆಯ ಬಾಗಿಲು ತೆರೆದಿದ್ದಾಗ ಲೇಖಕರು ಅದನ್ನು ಸಮರ್ಥಿಸಿದ್ದು ಹೇಗೆ? ಮನಃಸಾಕ್ಷಿಯ ಭಿನ್ನಮತಕ್ಕೆ ಜಾಗ ಬೇಡವೇ ಎಂಬ ಪ್ರಶ್ನೆಯನ್ನು ಯಾರಾದರೂ ಎತ್ತಿದ್ದರೇ? ಹೊಸ ಪುಸ್ತಕಗಳು ಇದನ್ನು ಒಂದೇ ವಾಕ್ಯದಲ್ಲಿ ದಾಟಿಬಿಡುತ್ತವೆ. ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ತೆರೆದಿಟ್ಟು ಓದಿದ ವಿದ್ಯಾರ್ಥಿಗೆ ಮಾತ್ರ ಕಾನೂನು ಜೀವಂತವಾಗಿ ಬದಲಾಗಿದ್ದು ಕಾಣುತ್ತದೆ. ಹಳೆಯ ಆವೃತ್ತಿಗಳನ್ನು ಜಾಗ ಸಾಲದೆಂದು ವಿಲೇವಾರಿ ಮಾಡುವ ಕಾಲೇಜುಗಳು ಈ ಕಾರಣಕ್ಕಾಗಿ ಎರಡು ಸಲ ಯೋಚಿಸಬೇಕು.

ಇನ್ನೂ ಹಿಂದೆ ಹೋಗಬಹುದು. 1967ರ ಚುನಾವಣೆಯ ಬೆನ್ನಿಗೆ ರಾಜ್ಯ ರಾಜ್ಯಗಳಲ್ಲಿ ಸರ್ಕಾರಗಳು ಉರುಳತೊಡಗಿದಾಗ ಗೃಹ ಸಚಿವ ವೈ.ಬಿ. ಚವಾಣ್ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ರಚನೆಯಾಯಿತು. ಒಂದೇ ವರ್ಷದಲ್ಲಿ 438 ಪಕ್ಷಾಂತರಗಳು ನಡೆದಿದ್ದವು. ಪಕ್ಷ ಬದಲಿಸಿದ 210 ಶಾಸಕರಲ್ಲಿ 116 ಮಂದಿ ಮಂತ್ರಿಗಳಾಗಿದ್ದರು. ಈ ಒಂದು ಅಂಕಿ ಹತ್ತು ಪುಟದ ವಿವರಣೆಗಿಂತ ಹೆಚ್ಚು ಹೇಳುತ್ತದೆ. ಸಚಿವ ಸಂಪುಟದ ಗಾತ್ರಕ್ಕೆ ಮಿತಿ ಹಾಕಿ ಎಂದು ಆ ಸಮಿತಿ ಸೂಚಿಸಿತ್ತು. ಅದು ಜಾರಿಗೆ ಬಂದದ್ದು 2003ರ ತಿದ್ದುಪಡಿಯಲ್ಲಿ: ಸದನದ ಬಲದ ಶೇಕಡ 15ಕ್ಕಿಂತ ಹೆಚ್ಚು ಮಂತ್ರಿಗಳು ಬೇಡ ಎಂದು. 224 ಸದಸ್ಯರ ನಮ್ಮ ವಿಧಾನಸಭೆಗೆ ಲೆಕ್ಕ ಹಾಕಿದರೆ 34. ನಡುವೆ 1973ರ ಮಸೂದೆ ಕಾಲ ಮೀರಿ ಬಿದ್ದುಹೋಯಿತು, 1978ರದ್ದನ್ನು ಹಿಂದಕ್ಕೆ ಪಡೆಯಲಾಯಿತು. ಇದ್ದಕ್ಕಿದ್ದಂತೆ 1985ರಲ್ಲಿ ಕಾನೂನು ಬಂತು ಎಂದು ಬರೆಯುವವರಿಗೆ ಈ ಹದಿನೆಂಟು ವರ್ಷ ಗೊತ್ತೇ ಇರುವುದಿಲ್ಲ.

ಮೂರನೆಯದಾಗಿ ತೀರ್ಪುಗಳು. ರಾಜ್ಯಶಾಸ್ತ್ರದ ವಿದ್ಯಾರ್ಥಿಗಳು ಕಾನೂನು ವರದಿಗಳ ದಪ್ಪ ಸಂಪುಟ ಕಂಡರೆ ಹಿಂದೆ ಸರಿಯುತ್ತಾರೆ. ಅದು ವಕೀಲರ ಸರಕು ಎಂಬ ಭಾವನೆ. ಆದರೆ 1992ರ ಕಿಹೋಟೊ ಹೊಲ್ಲೊಹಾನ್ ಪ್ರಕರಣವನ್ನು ಓದದೆ ಈ ವಿಷಯದ ಮೇಲೆ ಬರೆಯುವುದು ಕಷ್ಟ. ಐವರು ನ್ಯಾಯಮೂರ್ತಿಗಳಲ್ಲಿ ಮೂವರು ಹತ್ತನೇ ಅನುಸೂಚಿಯನ್ನು ಎತ್ತಿಹಿಡಿದರು. ಸ್ಪೀಕರ್ ತೀರ್ಮಾನವನ್ನು ಕೋರ್ಟ್ ಪರಿಶೀಲಿಸುವಂತಿಲ್ಲ ಎಂಬ ಭಾಗವನ್ನು ಮಾತ್ರ ಬಿಡಿಸಿದರು. ಟಿಪ್ಪಣಿ ಪುಸ್ತಕಗಳು ಇಲ್ಲಿಗೆ ನಿಲ್ಲುತ್ತವೆ. ಉಳಿದ ಇಬ್ಬರು, ಲಲಿತ್ ಮೋಹನ್ ಶರ್ಮಾ ಮತ್ತು ಜೆ.ಎಸ್. ವರ್ಮಾ, ಏನು ಹೇಳಿದರು? ಸ್ಪೀಕರ್ ತಮ್ಮ ಕುರ್ಚಿಯಲ್ಲಿ ಮುಂದುವರಿಯುವುದು ಸದನದ ಬಹುಮತದ ಬಲದಿಂದ. ಅದೇ ಬಹುಮತದ ಅಳಿವು ಉಳಿವಿನ ವ್ಯಾಜ್ಯವನ್ನು ಅವರ ಕೈಗೆ ಕೊಟ್ಟರೆ ಸ್ವತಂತ್ರ ನಿರ್ಣಯ ಸಾಧ್ಯವೇ ಎಂದು ಆ ಇಬ್ಬರು ಆಕ್ಷೇಪಿಸಿದರು. ಸೋತ ವಾದವದು. 2020ರ ಮಣಿಪುರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಈ ಅಧಿಕಾರವನ್ನು ಸ್ಪೀಕರ್‌ರಿಂದ ತೆಗೆದು ಸ್ವತಂತ್ರ ನ್ಯಾಯಮಂಡಳಿಗೆ ಕೊಡುವುದನ್ನು ಸಂಸತ್ತು ಯೋಚಿಸಲಿ ಎಂದಿತು. 28 ವರ್ಷ ಹಿಂದೆ ಸೋತದ್ದು ಬೇರೆ ಬಾಗಿಲಿನಿಂದ ಒಳಗೆ ಬಂತು.

ಕರ್ನಾಟಕದ ಎರಡು ಘಟನೆಗಳನ್ನು ಇದರ ಎದುರಿಗಿಟ್ಟು ನೋಡಿದರೆ ವಿಷಯ ಎಷ್ಟು ಹರಿತವಾಗುತ್ತದೆ! 2010ರ ಅಕ್ಟೋಬರ್‌ನಲ್ಲಿ ಬಿ.ಎಸ್. ಯಡಿಯೂರಪ್ಪ ಸರ್ಕಾರದ ವಿಶ್ವಾಸಮತಕ್ಕೆ ಮೊದಲು ಸ್ಪೀಕರ್ ಕೆ.ಜಿ. ಬೋಪಯ್ಯ ಬಿಜೆಪಿಯ 11 ಮತ್ತು ಪಕ್ಷೇತರ 5 ಶಾಸಕರನ್ನು ಅನರ್ಹಗೊಳಿಸಿದರು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ತರಾತುರಿಯನ್ನೂ ಸಹಜ ನ್ಯಾಯದ ಲೋಪವನ್ನೂ ಎತ್ತಿ ತೋರಿಸಿ ಆ ಆದೇಶಗಳನ್ನು ರದ್ದು ಮಾಡಿತು. ಆ ಹೊತ್ತಿಗೆ ಸರ್ಕಾರ ಆ ಗಂಡಾಂತರವನ್ನು ದಾಟಿಯಾಗಿತ್ತು. 2019ರ ಜುಲೈನಲ್ಲಿ ಎಚ್.ಡಿ. ಕುಮಾರಸ್ವಾಮಿ ಸರ್ಕಾರ 99–105ರ ಅಂತರದಲ್ಲಿ ಬಿದ್ದಿತು, ಸ್ಪೀಕರ್ ಕೆ.ಆರ್. ರಮೇಶ್ ಕುಮಾರ್ 17 ಶಾಸಕರನ್ನು ಅನರ್ಹಗೊಳಿಸಿ, ಆ ವಿಧಾನಸಭೆಯ ಅವಧಿ ಮುಗಿಯುವವರೆಗೆ ಸ್ಪರ್ಧಿಸದಂತೆ ತಡೆದರು. ನವೆಂಬರ್ 13ರಂದು ಕೋರ್ಟ್ ಅನರ್ಹತೆಯನ್ನು ಒಪ್ಪಿತು, ಸ್ಪರ್ಧೆಯ ಮೇಲಿನ ತಡೆಯನ್ನು ತೆಗೆಯಿತು. ಎರಡೂ ಸಲ ಸ್ಪೀಕರ್ ವಿಶ್ವಾಸಮತ ಕೇಳಿದ ಸರ್ಕಾರದ ಕಡೆಯ ಪಕ್ಷದಿಂದ ಬಂದವರು, ಪಕ್ಷಗಳು ಮಾತ್ರ ಬೇರೆ. ಒಂದನ್ನೇ ಓದಿದ ವಿದ್ಯಾರ್ಥಿ ಯಾವುದೋ ಒಂದು ಪಕ್ಷವನ್ನು ಬೈದು ಪ್ರಬಂಧ ಮುಗಿಸುತ್ತಾನೆ. ಎರಡನ್ನೂ ಓದಿದವನು ಕುರ್ಚಿಯ ಬಗ್ಗೆ ಕೇಳತೊಡಗುತ್ತಾನೆ. ಸಂಶೋಧನೆಯ ಪ್ರಶ್ನೆ ಎಂದರೆ ಇದೇ. ‘ಒಂದು ಅಧ್ಯಯನ’ ಎಂಬ ಬಾಲಂಗೋಚಿಯನ್ನು ಈಗ ಕಿತ್ತುಹಾಕಬಹುದು.

ಮತದಾರರ ಕಡೆಯಿಂದ ಹೊರಟರೂ ದಾರಿ ಇದೆ. 2019ರ ಡಿಸೆಂಬರ್ 5ರ ಉಪಚುನಾವಣೆ ನಡೆದದ್ದು 15 ಕ್ಷೇತ್ರಗಳಲ್ಲಿ. ಅನರ್ಹರ ಪೈಕಿ 13 ಮಂದಿ ಬಿಜೆಪಿ ಟಿಕೆಟಿನಲ್ಲಿ ನಿಂತರು, 11 ಮಂದಿ ಗೆದ್ದರು. ಹುಣಸೂರು ಮತ್ತು ಹೊಸಕೋಟೆಯಲ್ಲಿ ಸೋತರು. ಕಾನೂನು ಶಿಕ್ಷಿಸಿದವರನ್ನು ಮತದಾರರು ಯಾಕೆ ಶಿಕ್ಷಿಸಲಿಲ್ಲ? ಇದಕ್ಕೆ ತೀರ್ಪುಗಳು ಉತ್ತರ ಕೊಡುವುದಿಲ್ಲ. ಮತ್ತೆ 324ರ ಬೀರುವಿಗೆ, 954ಕ್ಕೆ ನಡೆಯಬೇಕು. ರಜನಿ ಕೊಠಾರಿ ಸಂಪಾದಿಸಿದ ಜಾತಿ ಮತ್ತು ರಾಜಕಾರಣದ ಮೇಲಿನ 1970ರ ಸಂಕಲನ, ಪ್ರಬಲ ಜಾತಿಯ ಬಗ್ಗೆ ಎಂ.ಎನ್. ಶ್ರೀನಿವಾಸ್ ಬರೆದದ್ದು, ಕರ್ನಾಟಕದ ರಾಜಕಾರಣದ ಬಗ್ಗೆ ಜೇಮ್ಸ್ ಮೇನರ್ ಬರೆದದ್ದು ಇವುಗಳನ್ನು ಇಡಿಯಾಗಿ ಓದಲೇಬೇಕೆಂದಿಲ್ಲ. ಹಿಂಬದಿಯ ಪದಸೂಚಿಯಲ್ಲಿ ಬೇಕಾದ ಪದ ಹಿಡಿದು ಆ ಪುಟಗಳಿಗೆ ಹೋದರೆ ಸಾಕು. ಪದಸೂಚಿ ಬಳಸುವುದನ್ನು ನಾವು ಪದವಿಯ ಮೂರು ವರ್ಷದಲ್ಲಿ ಒಮ್ಮೆಯೂ ಕಲಿಸುವುದಿಲ್ಲ ಎಂಬುದು ಬೇರೆ ಮಾತು.

ತಾಲ್ಲೂಕು ಕೇಂದ್ರದ ಕಾಲೇಜಿನಲ್ಲಿ ಇಷ್ಟೆಲ್ಲ ಎಲ್ಲಿರುತ್ತದೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಎಲ್ಲವೂ ಇರುವುದಿಲ್ಲ. ಆದರೆ ಇರುವುದನ್ನೂ ಕೇಳುವವರಿಲ್ಲ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ಎನ್-ಲಿಸ್ಟ್ ಸೌಲಭ್ಯಕ್ಕೆ ಸೇರಿದ ಕಾಲೇಜುಗಳ ವಿದ್ಯಾರ್ಥಿಗಳು ಸಾವಿರಾರು ಇ-ನಿಯತಕಾಲಿಕೆ, ಇ-ಪುಸ್ತಕಗಳನ್ನು ಮನೆಯಿಂದಲೇ ಓದಬಹುದು. ಪಾಸ್‌ವರ್ಡ್ ಮಾಡಿಸಿಕೊಡುವವರು ಅದೇ ಗ್ರಂಥಪಾಲಕರು. ಅದೇ ಕೇಂದ್ರದ ಶೋಧಗಂಗಾ ತಾಣದಲ್ಲಿ ವಿಶ್ವವಿದ್ಯಾಲಯಗಳ ಪಿಎಚ್‌.ಡಿ. ಪ್ರಬಂಧಗಳು ಉಚಿತವಾಗಿ ಸಿಗುತ್ತವೆ, ಕನ್ನಡದಲ್ಲಿ ಬರೆದವೂ ಸೇರಿ. ಅಂಥ ಪ್ರಬಂಧದ ಕೊನೆಯ ಗ್ರಂಥಋಣ ಪಟ್ಟಿಯನ್ನು ಮೊದಲು ನೋಡಿ. ಬೇರೊಬ್ಬರು ಎರಡು ಮೂರು ವರ್ಷ ಹುಡುಕಿದ್ದು ಅಲ್ಲಿ ಒಟ್ಟಿಗೆ ಇರುತ್ತದೆ. ಊರಲ್ಲಿ ಕಾನೂನು ಕಾಲೇಜಿದ್ದರೆ ಪ್ರಾಂಶುಪಾಲರ ಪತ್ರ ಹಿಡಿದು ಅಲ್ಲಿಗೂ ಹೋಗಬಹುದು.

ಕನ್ನಡ ಮಾಧ್ಯಮದವರ ಕಷ್ಟ ಮಾತ್ರ ನಿಜವಾದ ಕಷ್ಟ. ತೀರ್ಪುಗಳೂ ಒಳ್ಳೆಯ ಲೇಖನಗಳೂ ಹೆಚ್ಚಾಗಿ ಇಂಗ್ಲಿಷಿನಲ್ಲಿವೆ. ಅದಕ್ಕೆ ಎರಡು ಆಸರೆಗಳಿವೆ. ವಿಧಾನಸಭೆಯ ಚರ್ಚೆಗಳು ಬಹುಪಾಲು ಕನ್ನಡದಲ್ಲೇ ನಡೆಯುತ್ತವೆ, ನಡಾವಳಿಗಳಲ್ಲಿ ಅವು ದಾಖಲಾಗಿವೆ. 2019ರ ಜುಲೈನಲ್ಲಿ ದಿನಗಟ್ಟಲೆ ನಡೆದ ವಿಶ್ವಾಸಮತದ ಚರ್ಚೆಯನ್ನು ಓದಲು ಇಂಗ್ಲಿಷ್ ಬೇಕಿಲ್ಲ, ತಾಳ್ಮೆ ಬೇಕು. ಇನ್ನೊಂದು, ಕಾಲೇಜುಗಳು ಜೋಪಾನ ಮಾಡಿದ್ದರೆ, ಕನ್ನಡ ದಿನಪತ್ರಿಕೆಗಳ ಹಳೆಯ ಸಂಚಿಕೆಗಳು. ಅವುಗಳಲ್ಲಿ ರಾಜೀನಾಮೆಯ ಮರುದಿನ ಕ್ಷೇತ್ರದ ಜನ ಏನು ಮಾತಾಡಿಕೊಂಡರು ಎಂಬುದು ಒಳಪುಟದ ಸಣ್ಣ ವರದಿಯಲ್ಲಿ ಸಿಗುತ್ತದೆ.

ಇಷ್ಟೆಲ್ಲ ಮಾಡಿ ಬರೆದ ಪ್ರಾಜೆಕ್ಟ್ ವರದಿ ಕೊನೆಗೆ ಎಲ್ಲಿಗೆ ಹೋಗುತ್ತದೆ? ಅಂಕ ಬಿದ್ದ ಮೇಲೆ ವಿಭಾಗದ ಒಂದು ಬೀರುವಿಗೆ, ಅಲ್ಲಿಂದ ಕೆಲವು ವರ್ಷದಲ್ಲಿ ರದ್ದಿಗೆ. ಕೆ.ಆರ್. ಪೇಟೆಯಲ್ಲೋ ಹಿರೇಕೆರೂರಿನಲ್ಲೋ ಮನೆಮನೆಗೆ ಹೋಗಿ ಉಪಚುನಾವಣೆಯ ಮತದಾರರನ್ನು ಮಾತಾಡಿಸಿ ಬಂದ ವಿದ್ಯಾರ್ಥಿನಿಯ ವರದಿಯಲ್ಲಿ ಇರುವ ಸಂಗತಿ ಅಚ್ಚಾದ ಯಾವ ಪುಸ್ತಕದಲ್ಲೂ ಇಲ್ಲದಿರಬಹುದು. ಅದಕ್ಕೊಂದು ಆಕ್ಸೆಷನ್ ನಂಬರ್ ಕೊಟ್ಟು, ಕ್ಯಾಟಲಾಗಿಗೆ ಸೇರಿಸಿ, 324ರ ಸಾಲಿನಲ್ಲಿ ನಿಲ್ಲಿಸಲು ಕಾಲೇಜಿಗೆ ಯಾವ ಅನುದಾನವೂ ಬೇಕಿಲ್ಲ. ಪ್ರಾಂಶುಪಾಲರ ಒಂದು ಸುತ್ತೋಲೆ ಸಾಕು.