‘ಎಕ್ಸೆಸಿವ್’ ಎಂಬ ಅತಿಥಿ

‘ಬಹಳ’ ಎನ್ನಬೇಕಾದ ಕಡೆಯಲ್ಲೆಲ್ಲ ‘ಎಕ್ಸೆಸಿವ್’ ಎನ್ನುವ ರೂಢಿ ನಮ್ಮ ಕಡೆಯ ವಿದ್ಯಾವಂತ ಮನೆಗಳನ್ನು ಸದ್ದಿಲ್ಲದೆ ಹೊಕ್ಕಿದೆ. ಮದುವೆಯೂಟ ಎಕ್ಸೆಸಿವ್ ರುಚಿಯಂತೆ. ಬೈಂದೂರಿನ ಸೆಕೆ ಎಕ್ಸೆಸಿವ್ ಅಂತೆ. ಬ್ರಹ್ಮಾವರದ ಸಂತೆಯಲ್ಲಿ ಜನವೂ ಎಕ್ಸೆಸಿವ್ ಅಂತೆ! ಇಂಗ್ಲಿಷ್ ಮಾತು ಬಂದಿತೆಂದು ನನಗೆ ಕೋಪವಿಲ್ಲ. ಬಸ್ಸಿಗೂ ಟಿಕೆಟ್ಟಿಗೂ ಎಲೆ ಹಾಕಿದ ಕನ್ನಡ ಇನ್ನೊಬ್ಬ ಅತಿಥಿಗೆ ಎಲೆ ಹಾಕಲಾರದೆ? ಆದರೆ ಬಂದವನು ಯಾರೆಂಬುದನ್ನಾದರೂ ವಿಚಾರಿಸಬೇಡವೆ? ಆ ಪದದ ಲ್ಯಾಟಿನ್ ಮೂಲದಲ್ಲಿ ‘ಎಲ್ಲೆಯಿಂದಾಚೆಗೆ ಹೋಗು’ ಎಂಬ ಭಾವವಿದೆ. ಊಟ ಎಕ್ಸೆಸಿವ್ ಆಯಿತೆಂದರೆ ಅದು ಹೊಗಳಿಕೆಯಲ್ಲ, ದೂರು.

ಈ ಭೇದ ಕನ್ನಡಕ್ಕೆ ಹೊಸದೇನೂ ಅಲ್ಲ. ನಮ್ಮಲ್ಲಿ ಅದನ್ನು ವಿಶೇಷಣಕ್ಕಿಂತ ಕ್ರಿಯಾಪದವೇ ಸೊಗಸಾಗಿ ತೋರಿಸುತ್ತದೆ. ‘ಮೀನು ಬಹಳ ಇದೆ’ ಎಂದರೆ ಸಂತೋಷ. ‘ಉಪ್ಪು ಹೆಚ್ಚಾಯಿತು’ ಎಂದರೆ ಅಡುಗೆ ಕೆಟ್ಟಿತು. ಕುಂದಾಪುರದ ಅಜ್ಜಿ ಒಂದು ತುತ್ತು ಬಾಯಿಗಿಟ್ಟು ‘ಹ್ವಾಯ್, ಉಪ್ಪ್ ಹೆಚ್ಚಾಯ್ತ್ ಕಾಣಿ’ ಎಂದಳೆಂದರೆ ಸೊಸೆಗೆ ಬೇರೆ ವ್ಯಾಖ್ಯಾನ ಬೇಕಿಲ್ಲ. ನಮ್ಮ ‘ವಿಪರೀತ’ವೇನು ಸಾಚಾ, ಸಂಸ್ಕೃತದಲ್ಲಿ ‘ತಿರುವುಮುರುವಾದ’ ಎಂಬ ಅರ್ಥದ ಪದ ಕನ್ನಡಕ್ಕೆ ಬಂದು ‘ಅತಿಯಾದ’ ಎಂದಾಗಲಿಲ್ಲವೆ ಎಂದು ಕೇಳುವವರಿದ್ದಾರೆ. ಆಯಿತು, ನಿಜ. ಆದರೆ ಅಲ್ಲಿ ಒಂದು ಅರ್ಥ ಹೋಗಿ ಇನ್ನೊಂದು ಬಂದಿತು. ಇಲ್ಲಿ ‘ಬಹಳ’ ಮತ್ತು ‘ಅತಿ’ ಎರಡೂ ಒಂದೇ ಚೀಲಕ್ಕೆ ಬೀಳುತ್ತಿವೆ.

ಮಳೆಯನ್ನೇ ನೋಡಿ. ಹವಾಮಾನ ಇಲಾಖೆಯವರು 24 ಗಂಟೆಗಳಲ್ಲಿ 64.5 ಮಿಲಿಮೀಟರು ಮುಟ್ಟಿದರೆ ‘ಭಾರಿ ಮಳೆ’ ಎನ್ನುತ್ತಾರೆ, 204.4 ಮಿಲಿಮೀಟರು ದಾಟಿದರೆ ‘ಅತ್ಯಂತ ಭಾರಿ’. ಅದು ಪ್ರಮಾಣದ ಮಾತು. ‘ಎಕ್ಸೆಸ್’ ಎಂಬುದು ಅವರಲ್ಲಿ ಬೇರೆಯೇ ಲೆಕ್ಕ: ಒಂದು ಊರಿನ ವಾಡಿಕೆಯ ಮಳೆಗಿಂತ ನೂರಕ್ಕೆ 20ರಿಂದ 59ರಷ್ಟು ಮೇಲಾದರೆ ಮಾತ್ರ ಆ ಹೆಸರು, 60 ಮುಟ್ಟಿದರೆ ‘ಲಾರ್ಜ್ ಎಕ್ಸೆಸ್’. ಆದಕಾರಣ ಬಯಲುಸೀಮೆಯಲ್ಲಿ ಎಕ್ಸೆಸ್ ಆಗುವ ಮಳೆ ಕುಂದಾಪುರದ ಜುಲೈ ತಿಂಗಳಲ್ಲಿ ಕೇವಲ ಕೊಡೆ ಬಿಚ್ಚುವ ಸಂಗತಿ.

ಇದು ಪಂಡಿತರ ಚರ್ಚೆ ಮಾತ್ರವೆಂದು ಭಾವಿಸಬೇಡಿ. ಕಳೆದ ಮಳೆಗಾಲದಲ್ಲಿ ಅಡಕೆ ತೋಟದವರೊಬ್ಬರು ಕೊಳೆರೋಗದಿಂದಾದ ನಷ್ಟಕ್ಕೆ ಪರಿಹಾರ ಕೋರುವ ಅರ್ಜಿಯನ್ನು ನನ್ನ ಕೈಗೆ ಕೊಟ್ಟರು. ಕಾಲೇಜಿಗೆ ಹೋಗುವ ಮಗ ಇಂಗ್ಲಿಷಿನಲ್ಲಿ ಬರೆದುದು. ಮಳೆ ಎಕ್ಸೆಸಿವ್ ಎಂದಿದ್ದನು. ಅದು ಸಲ್ಲುವ ಮಾತೇ. ಮುಂದಿನ ಸಾಲಿನಲ್ಲಿ ಬೋರ್ಡೋ ದ್ರಾವಣದ ಸಿಂಪಡಣೆಯನ್ನೂ ಎಕ್ಸೆಸಿವ್ ಮಾಡಿದೆವು ಎಂದಿದ್ದನು! ಪಾಪ, ತಂದೆ ಪಟ್ಟ ಶ್ರಮವನ್ನು ಹೇಳುವುದು ಅವನ ಆಸೆ. ಓದಿದ ಅಧಿಕಾರಿ ಏನೆಂದುಕೊಳ್ಳಬೇಕು? ಔಷಧವನ್ನು ಮಿತಿಮೀರಿ ಹೊಡೆದು ಬೆಳೆ ಕೆಡಿಸಿಕೊಂಡವರು ಇವರೇ ಎಂದಲ್ಲವೆ?

‘ಎಷ್ಟು ಸಲ ಹೊಡೆಸಿದಿರಿ?’ ಎಂದು ಕೇಳಿದೆನು.

‘ಮೂರು ಸಲ, ಮಾಷ್ಟ್ರೇ. ಮಳೆ ಬಿಡುವು ಕೊಟ್ಟದ್ದೇ ಅಷ್ಟು.’

ಆ ವಿಶೇಷಣವನ್ನು ಹೊಡೆದುಹಾಕಿ ‘ಮೂರು ಸಲ’ ಎಂದು ಬರೆದು, ತಾರೀಖುಗಳನ್ನೂ ಸೇರಿಸಿ, ಅರ್ಜಿಯನ್ನು ಕನ್ನಡದಲ್ಲಿಯೇ ಕಳುಹಿಸಿದೆವು.