ಮೊದಲು ಗುರಿ, ಆಮೇಲೆ ಬ್ರ್ಯಾಂಡ್

ರೈಫಲ್ ಶೂಟಿಂಗ್ ಅಂದ ಕೂಡ್ಲೇ ನಮ್ಮಲ್ಲಿ ಬರೋ ಮೊದಲ ಮಾತು: "ವಾಲ್ಥರ್ ಇಲ್ದೇ ಆಗಲ್ಲ ಬಿಡಪ್ಪ." ಆ ಜರ್ಮನ್ ಮ್ಯಾಚ್ ರೈಫಲ್‌ಗಳ ಬೆಲೆ ಲಕ್ಷಗಟ್ಟಲೆ. ಎಮ್ಮಿಗನೂರು ಕಡೆ ಭತ್ತ ಬೆಳೆಯೋ ಮನೆಗಳಿಂದ ಬಂದ ನಮಗೆ ಅದು ಒಂದು ಬೆಳೆಯ ದುಡ್ಡು. ಹಾಗಾಗಿ ಶುರು ಮಾಡೋ ಮೊದಲೇ ಎಷ್ಟೋ ಜನ ಕೈಬಿಡ್ತೀವಿ. ಈ ಲೆಕ್ಕ ಸರಿಯಿಲ್ಲ.

10 ಮೀಟರ್ ಏರ್ ರೈಫಲ್‌ನಲ್ಲಿ ಹತ್ತು ಅಂಕದ ಚುಕ್ಕಿ ಬರೀ 0.5 ಮಿ.ಮೀ., ಹೊಡೆಯೋ ಪೆಲೆಟ್ 4.5 ಮಿ.ಮೀ. ಒಲಿಂಪಿಕ್ಸ್ ಮಟ್ಟದಲ್ಲಿ ದುಬಾರಿ ರೈಫಲ್‌ನ ನಯವಾದ ಟ್ರಿಗರ್ ನಿಜಕ್ಕೂ ಲೆಕ್ಕಕ್ಕೆ ಬರುತ್ತೆ, ಒಪ್ತೀವಿ. ಆದ್ರೆ ಮೊದಲ ವರ್ಷ ಪೆಲೆಟ್ ದಾರಿ ತಪ್ಪೋದು ಹೆಚ್ಚಾಗಿ ನಮ್ಮ ಉಸಿರು, ನಿಲುವು, ಬೆರಳಿನಿಂದ. ಅನುಮಾನ ಇದ್ರೆ ರೇಂಜ್‌ನಲ್ಲಿ ರೈಫಲನ್ನ ಮರಳುಚೀಲದ ಮೇಲಿಟ್ಟು ಹತ್ತು ಹೊಡೀರಿ, ಆಮೇಲೆ ನಿಂತು ಹತ್ತು. ತೂತುಗಳು ಎಷ್ಟು ಅಗಲಕ್ಕೆ ಹರಡಿವೆ ಅಂತ ಸ್ಕೇಲ್ ಇಟ್ಟು ಅಳೀರಿ. ನಿಂತಾಗ ಜಾಸ್ತಿಯಾದಷ್ಟು ತಪ್ಪು ನಮ್ಮದು, ರೈಫಲ್‌ದಲ್ಲ.

ಅದಕ್ಕೇ ಪ್ರೆಸಿಹೋಲ್‌ನಂಥ ದೇಸಿ ರೈಫಲ್‌ನಿಂದ ಶುರು ಮಾಡೋಣ. ಉಳಿದ ದುಡ್ಡು ಪೆಲೆಟ್‌ಗೆ, ಕೋಚ್‌ಗೆ ಹೋಗಲಿ. ಕಾಲೇಜೇ ಒಂದು ಕೊಂಡು ಪಾಳಿ ಮೇಲೆ ಕೊಟ್ರೆ ಇನ್ನೂ ಒಳ್ಳೇದು. ನಿಂತು ಹೊಡೆದದ್ದೂ ಮರಳುಚೀಲದ ಮೇಲೆ ಹೊಡೆದದ್ದೂ ಒಂದೇ ಅಗಲಕ್ಕೆ ಬಂದ ದಿನ ವಾಲ್ಥರ್ ಬಗ್ಗೆ ಮಾತಾಡೋಣ.